ಹದಿನೆಂಟು ಚುಕ್ಕೆಗಳ ಷರಾ

ಈ ಕಥೆಯಲ್ಲಿ ನಾನು ಒಳ್ಳೆಯವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಓದಿದವರಿಗೆ ಮೋಸ ಮಾಡಿದಂತಾಗುತ್ತದೆ. ಬರೆಯಹೊರಟಿರುವುದು ದೇವೀಂದ್ರಪ್ಪ ಕಾಕಾ ಅವರ ಬಗ್ಗೆ. ಕಲಬುರಗಿಯ ಗಾಜಿಪುರದ ಮನುಷ್ಯ, ವಯಸ್ಸು ಐವತ್ತೆರಡು. ಇಪ್ಪತ್ತೈದು ವರ್ಷ ಮೊಬೈಲ್ ಟವರ್ ಏರಿ ಇಳಿದು ಎರಡೂ ಮೊಣಕಾಲು ಸವೆಸಿಕೊಂಡವರು. ನಮ್ಮ ಆಫೀಸಿನಲ್ಲಿ ಅವರಿಗೆ ಸರಿಯಾದ ಒಂದು ಕುರ್ಚಿಯೂ ಇರಲಿಲ್ಲ. ಬಂದಾಗ ಬಾಗಿಲ ಬಳಿಯ ಕೇಬಲ್ ಸುರುಳಿಯ ಮೇಲೆ ಕೂರುತ್ತಿದ್ದರು.

ಆಫೀಸು ಇರುವುದು ನಂದೂರಿನಲ್ಲಿ, ಎರಡು ದಾಲ್ ಮಿಲ್‌ಗಳ ನಡುವೆ. ತೊಗರಿ ಹೊಟ್ಟಿನ ಧೂಳು ಕೀಬೋರ್ಡಿನ ಸಂದಿಸಂದಿಯಲ್ಲಿ ಕೂತಿರುತ್ತದೆ. ಪುಣೆಯ ಒಂದು ದೊಡ್ಡ ಕಂಪನಿಗೆ ನಾವು ಇಲ್ಲಿನ ಗುತ್ತಿಗೆದಾರರು. ಮೇಲೆ ಅರುಣಕುಮಾರ ಸರ್, ಕೆಳಗೆ ಟವರ್ ಏರುವವರು ಏಳು ಜನ, ನಡುವೆ ಕಂಪ್ಯೂಟರ್ ಮುಂದೆ ನಾನು, ಅಂಬಿಕಾ. ಇಲ್ಲೇ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವಳು. ಯಂತ್ರಕ್ಕೆ ಪಾಠ ಹೇಳುವುದು ನನ್ನ ಕೆಲಸ ಎಂದು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಕಾಕಾ ಅವರ ಕೆಲಸ ಏನೆಂದು ಮೊದಲು ಹೇಳಬೇಕು. ಕಲಬುರಗಿಯ ಟವರಿನ ಮೇಲಿನ ಡಿಶ್ ಕಮಲಾಪುರದ ಟವರಿನ ಮೇಲಿನ ಡಿಶ್ಶನ್ನು ನೆಟ್ಟಗೆ ನೋಡುತ್ತಿರಬೇಕು. ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರು. ಕೂದಲೆಳೆಯಷ್ಟು ಆಚೀಚೆ ಆದರೆ ಆ ಕಡೆಯ ಊರುಗಳ ಫೋನೆಲ್ಲ ಮೂಕ. ಮೇಲೆ ಗಾಳಿಯಲ್ಲಿ ಬೆಲ್ಟ್ ಕಟ್ಟಿಕೊಂಡು ನಿಂತು, ಪಾನಾದಿಂದ ಬೋಲ್ಟ್ ಸಡಿಲಿಸಿ, ಡಿಶ್ಶನ್ನು ತುಸುತುಸುವೇ ತಿರುಗಿಸುತ್ತ ಹೋದರೆ ಮೀಟರಿನ ಅಂಕಿ ಏರುತ್ತದೆ, ಒಂದು ಕಡೆ ನಿಂತು ಇಳಿಯತೊಡಗುತ್ತದೆ. ಹೊಸಬರು ಅಲ್ಲೇ ಬಿಗಿದು ಕೆಳಗಿಳಿದುಬಿಡುತ್ತಾರೆ. ಅದು ಸುಳ್ಳು ಏರು. ನಿಜವಾದದ್ದು ಇನ್ನೂ ಆಚೆ ಇರುತ್ತದೆ.

“ಮೊದಲ ಸಿಕ್ಕಿದ್ದಕ್ಕ ಮರುಳಾಗಬ್ಯಾಡ,” ಎಂದು ಕಾಕಾ ಎಲ್ಲರಿಗೂ ಹೇಳುತ್ತಿದ್ದರು. “ದಾಟಿ ಹೋಗು. ಆಕಡಿ ಏನದ ನೋಡು. ಆಮ್ಯಾಲ ವಾಪಸ್ ಬಾ.”

ಇದನ್ನು ಚೆನ್ನಾಗಿ ಕಲಿತವನು ಅಮೀರ್. ಕಮಲಾಪುರದವನೇ, ಮೂವತ್ತೆರಡರ ಆಳು, ಹನ್ನೊಂದು ವರ್ಷ ಕಾಕಾ ಜೊತೆ ಒಂದೇ ಟವರಿಗೆ ಬೆಲ್ಟ್ ಕಟ್ಟಿಕೊಂಡವನು. ಅಮೀರನ ತಾಯಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಕಾಕಾ ಅವರಿಗೆಂದೇ ಬೇರೆ ಪಲ್ಯ ಇರುತ್ತಿತ್ತು. ಮೊಣಕಾಲು ಹೋದ ಮೇಲೆ ಕಾಕಾ ಕೆಳಗೆ ನಿಂತು ಕೂಗುತ್ತಿದ್ದರು, ಅಮೀರ್ ಮೇಲೆ ತಿರುಗಿಸುತ್ತಿದ್ದ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಕಾ ಅವರ ತಂದೆ ಕಮಲಾಪುರದಲ್ಲಿ ಒಬ್ಬರ ಕೆಂಪು ಬಾಳೆಯ ತೋಟದಲ್ಲಿ ದುಡಿಯುತ್ತಿದ್ದರು. ಎಂಟು ವರ್ಷದವರಿದ್ದಾಗ ಕಾಕಾ ತೋಟದೊಳಗೆ ನಿಂತು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಗೊನೆ ಎಣಿಸಿದರು. ಶಾಲೆಯಲ್ಲಿ ಹೊಸದಾಗಿ ಲೆಕ್ಕ ಕಲಿತ ಉಮೇದು. ತಾಯಿ ಓಡಿ ಬಂದು ಕಪಾಳಕ್ಕೆ ಕೊಟ್ಟಳು. ಗಿಡದ ಮೇಲಿರುವ ಗೊನೆ ಎಣಿಸಬಾರದು, ಅಳೆಯಬಾರದು, ಯಜಮಾನರು ಕರೆಯದೆ ಗೊನೆ ಬಿಟ್ಟ ತೋಟದೊಳಗೆ ಕಾಲಿಡಬಾರದು, ದೃಷ್ಟಿಯಾಗುತ್ತದೆ. ಅದೇ ವಾರ ಗಾಳಿ ಎದ್ದು ಅರ್ಧ ತೋಟ ನೆಲಕ್ಕೆ ಮಲಗಿತು. ಗಾಳಿ ಬಂದದ್ದು ಗಾಳಿಯ ಕಾಲಕ್ಕೇ. ಆದರೆ ಯಜಮಾನ ತಂದೆಯನ್ನು ಕೆಲಸ ಬಿಡಿಸಿದ, ಕುಟುಂಬ ಗಾಜಿಪುರಕ್ಕೆ ಬಂತು. ಕಾಕಾ ಇದನ್ನು ನಗುತ್ತಲೇ ಹೇಳುತ್ತಿದ್ದರು. ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಗಾಡಿಯ ಮೇಲೆ ಇಡೀ ಗೊನೆ ತೂಗುಹಾಕಿದ್ದರೆ ಮಾತ್ರ ಮುಖ ಆಚೆ ತಿರುಗಿಸಿ ನಡೆಯುತ್ತಿದ್ದರು. ನಾನೇ ಕಂಡಿದ್ದೇನೆ.

ಹೋದ ವರ್ಷ ಪುಣೆಯವರು ಕಮಲಾಪುರಕ್ಕೆ ಹೊಸ ಬಗೆಯ ಆಂಟೆನಾ ಕಳಿಸಿದರು. ಮನೆಮನೆಗೆ ತಂತಿಯಿಲ್ಲದೆ ಇಂಟರ್ನೆಟ್ ಕೊಡುವಂಥದ್ದು. ಇದು ಡಿಶ್ಶಿನ ಹಾಗೆ ಒಂದೇ ಕಡೆ ನೋಡುವುದಿಲ್ಲ. ಅರವತ್ತನಾಲ್ಕು ದಿಕ್ಕಿಗೆ ಅರವತ್ತನಾಲ್ಕು ಸಣ್ಣ ಬೀಮ್ ಬಿಡಬಲ್ಲದು, ಬ್ಯಾಟರಿಯ ಬೆಳಕು ತಿರುಗಿಸಿದ ಹಾಗೆ. ಒಂದೊಂದು ಮನೆಯ ಮೇಲೆ ಆ ಬೀಮ್ ಹಿಡಿಯುವ ಒಂದು ಡಬ್ಬಿ ಕೂರಿಸಿರುತ್ತಾರೆ. ಯಾವ ಮನೆಗೆ ಯಾವ ಬೀಮ್ ಎಂದು ಹುಡುಕಲು ಅರವತ್ತನಾಲ್ಕನ್ನೂ ಸರದಿಯಂತೆ ನೋಡುತ್ತ ಕೂತರೆ ಹೊತ್ತು ಹಾಳು. ಅದಕ್ಕೇ ಯಂತ್ರಕ್ಕೆ ಮೊದಲೇ ಕಲಿಸಿಬಿಡುವುದು. ಊರಿನಲ್ಲಿ ಎಂಟುನೂರು ಚುಕ್ಕೆ ಗುರುತು ಹಾಕಿ, ಪ್ರತಿ ಚುಕ್ಕೆಯಲ್ಲೂ ಒಬ್ಬರು ಫೋನ್ ಹಿಡಿದು ನಿಂತು, ಯಾವ ಬೀಮ್ ಚೆನ್ನಾಗಿ ಸಿಗುತ್ತದೆ ಎಂದು ದಾಖಲಿಸಬೇಕು. ಅದನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ. ಮುಂದೆ ಯಾವುದೇ ಮನೆಗೆ ಮೂರೇ ಮೂರು ಬೀಮ್ ಪ್ರಯತ್ನಿಸಿ ಕೆಲಸ ಮುಗಿಸುತ್ತದೆ.

ಡಿಶ್ ತಿರುಗಿಸುವ ಕೈಗಳಿಗೆ ಇನ್ನು ಕೆಲಸ ಕಡಿಮೆ ಎಂದು ಇದರ ಅರ್ಥ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಾಕಾ ಅವರಿಗೆ ಇದು ತಿಳಿಯದೆ ಇರಲಿಲ್ಲ. ಆದರೂ ಫೋನ್ ಹಿಡಿದು ಎಂಟುನೂರು ಚುಕ್ಕೆ ನಡೆದವರು ಅವರೇ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಇಪ್ಪತ್ತಾರು ದಿನ.

ಆ ಫೋನಿನಲ್ಲಿ ತುಂಬುವ ದಾಖಲೆಯ ಕೊನೆಯಲ್ಲಿ ‘ಷರಾ’ ಎಂದು ಒಂದು ಖಾನೆ ಇತ್ತು. ಏನಾದರೂ ವಿಶೇಷವಿದ್ದರೆ ಬರೆಯಲಿ ಎಂದು ನಾನೇ ಇಟ್ಟದ್ದು. ಇದೇ ಸರ್ವೆ ನಡೆದ ಬೇರೆ ಊರುಗಳಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಕಾಕಾ ಮಾತ್ರ ಪ್ರತಿ ಚುಕ್ಕೆಗೂ ಬರೆದರು. ‘ಹುಣಸಿ ಗಿಡ. ನೆರಳು ಚಲೋ ಅದ.’ ‘ನಾಯಿ ಅದ, ಹುಷಾರ್.’ ‘ಇಲ್ಲಿ ಚಾ ಕುಡಿದೆವು.’ ಮೊದಲ ನಲವತ್ತು ಓದಿ ನಾನು ನಕ್ಕೆ. ಆಮೇಲೆ ಓದಲಿಲ್ಲ. ಯಂತ್ರಕ್ಕೆ ಬೇಕಾದದ್ದು ಅಂಕಿ, ಹುಣಸೆ ನೆರಳಲ್ಲ. ಒಂದೇ ಸಾಲಿನ ಆದೇಶ ಬರೆದು ಆ ಖಾನೆಯನ್ನು ಪೂರ್ತಿ ಕಿತ್ತು, ಉಳಿದದ್ದನ್ನು ಯಂತ್ರಕ್ಕೆ ತಿನ್ನಿಸಿದೆ. ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಾರು ಸರಿ ಬಂತು. ಅರುಣಕುಮಾರ ಸರ್ ಎಲ್ಲರಿಗೂ ಜಿಲೇಬಿ ತರಿಸಿದರು. ಮೊದಲ ತುಂಡು ನನಗೆ ಕೊಟ್ಟರು, ಕಾಕಾ ಕೇಬಲ್ ಸುರುಳಿಯ ಮೇಲೆ ಕೂತು ಕೊನೆಯದು ತಿಂದರು.

ಉಳಿದ ನಾಲ್ಕರಲ್ಲಿ ಒಬ್ಬಳು ಮಲ್ಲಿಕಾ.

ಕಮಲಾಪುರದ ಹೊರಗೆ ಶಿವಕಾಂತಮ್ಮ ಎಂಬವರ ಕೆಂಪು ಬಾಳೆಯ ತೋಟ ಇದೆ. ಗಂಡ ತೀರಿದ ಮೇಲೆ ಅವರೇ ನಡೆಸುತ್ತಾರೆ. ಮನೆ ತೋಟದ ನಟ್ಟನಡುವೆ. ಮಗಳು ಮಲ್ಲಿಕಾ ನರ್ಸಿಂಗ್ ಮುಗಿಸಿದವಳು. ಆಗಸ್ಟಿನಲ್ಲಿ ಅಮೀರ್ ಅವರ ಮಾಳಿಗೆಯ ಮೇಲೆ ಡಬ್ಬಿ ಕೂರಿಸಿ ಬಂದ. ಕೂರಿಸಿದ ದಿನವೇ ಫೋನ್ ಮಾಡಿದ್ದ: “ಅಂಬಿಕಾ ಮೇಡಂ, ಡಬ್ಬಿ ಬರಾಬರ್ ಕುಂತದ, ಆದ್ರ ಲೈನ್ ಬರ್ತದ, ಹೋಗ್ತದ. ನಿಮ್ಮ ಮಷೀನ್ ಒಮ್ಮಿ ನೋಡ್ರಿ.” ಯಂತ್ರದ ಕಡೆ ಎಲ್ಲ ಸರಿಯಾಗಿದೆ, ನೀನೇ ಇನ್ನೊಮ್ಮೆ ನೋಡು ಎಂದೆ. ನನ್ನ ದನಿ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ.

ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಒಂದು ಆಸ್ಪತ್ರೆ ಮಲ್ಲಿಕಾಳನ್ನು ವಿಡಿಯೋದಲ್ಲಿ ಸಂದರ್ಶನಕ್ಕೆ ಕರೆಯಿತು. ಇಸ್ತ್ರಿ ಸೀರೆ ಉಟ್ಟು ಕೂತವಳ ಮುಖ ಮೂರು ಸಲ ಪರದೆಯ ಮೇಲೆ ನಿಂತುಹೋಯಿತು. ನಾಲ್ಕನೆಯ ಸಲ ಅವರು ಮುಂದಿನವರನ್ನು ಕರೆದುಬಿಟ್ಟರು. ಅವಳು ಸುಮ್ಮನಿರಲಿಲ್ಲ, ಪುಣೆಗೆ ನೇರವಾಗಿ ದೂರು ಬರೆದಳು. ಪುಣೆಯವರು ತಮ್ಮ ಯಂತ್ರವನ್ನು ಯಾಕೆ ಅನುಮಾನಿಸುತ್ತಾರೆ? ‘ಡಬ್ಬಿ ಕೂರಿಸುವಲ್ಲಿ ದೋಷ’ ಎಂದು ಉತ್ತರ ಕಳಿಸಿದರು. ಜೊತೆಗೆ, ಕೂರಿಸಿದವನ ಟವರ್ ಪಾಸು ರದ್ದು ಮಾಡಿ ಎಂದೂ ಬರೆದರು. ಆ ಪಾಸು ಒಂದು ಕಡೆ ರದ್ದಾದರೆ ಎಲ್ಲ ಕಂಪನಿಗಳಲ್ಲೂ ರದ್ದು. ಹನ್ನೊಂದು ವರ್ಷ ಟವರ್ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಅಮೀರ್ ಇನ್ನು ಯಾವ ಟವರನ್ನೂ ಏರುವ ಹಾಗಿರಲಿಲ್ಲ.

ಶನಿವಾರ ಅರುಣಕುಮಾರ ಸರ್ ಎಲ್ಲರನ್ನೂ ಕೂರಿಸಿದರು. ಪುಣೆಯವರು ಪರದೆಯ ಮೇಲೆ. ಅಮೀರ್ ಗೋಡೆಗೆ ಆತು ನಿಂತಿದ್ದ.

“ಕಸಂ ಖುದಾ ಕೀ, ನಾ ನೆಟ್ಟಗೇ ಕೂಡ್ಸೀನ್ರೀ ಸರ್. ಮೂರು ಸಲ ಹೋಗಿ ನೋಡೀನಿ. ಬೇಕಾದ್ರ ಯಾರರ ಬಂದು ನೋಡ್ರಿ.”

“ಎಂಟುನೂರು ಚುಕ್ಕಿ ಅಳದು ಕಲ್ತ ಮಷೀನ್ ಅದು,” ಅಂದರು ಸರ್. “ಅದು ಸುಳ್ಳ, ನೀ ಖರೇ ಅಂತೀಯೇನು?”

ಸರ್ ಕಾಗದದ ಮೇಲೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಆಗ ಕೇಬಲ್ ಸುರುಳಿಯ ಮೇಲಿಂದ ಕಾಕಾ ಎದ್ದರು. ಎದ್ದು ನಿಲ್ಲಲು ಅವರಿಗೆ ಹೊತ್ತು ಬೇಕು, ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ.

“ಸರ್, ಅವನ ಪಾಸ್ ಮುಟ್ಟಬ್ಯಾಡ್ರಿ. ತಪ್ಪು ನಂದದ. ಶಿವಕಾಂತಮ್ಮನವರ ತೋಟದಾಗಿನ ಹದಿನೆಂಟು ಚುಕ್ಕಿ ನಾ ಒಳಗ ಹೋಗಿ ಅಳದಿಲ್ರೀ. ಬದುವಿನ ಮ್ಯಾಲ ನಿಂತು ಅಳದೀನಿ.”

ಚುಕ್ಕೆಯಿಂದ ಐವತ್ತು ಮೀಟರ್ ಒಳಗಿದ್ದರೆ ಸಾಕು, ಫೋನ್ ದಾಖಲೆ ಒಪ್ಪುತ್ತಿತ್ತು. ಬಾಳೆ ಎಲೆಯ ಕೆಳಗೆ ಜಾಗದ ಗುರುತು ತಪ್ಪುತ್ತದೆ ಎಂದು ಆ ಸಡಿಲಿಕೆ ಕೊಟ್ಟವಳೂ ನಾನೇ. ಬದುವಿನ ಮೇಲೆ ನಿಂತರೆ ಟವರ್ ಕಣ್ಣೆದುರಿಗೇ ಕಾಣುತ್ತದೆ, ಇಪ್ಪತ್ಮೂರನೆಯ ಬೀಮ್ ಜೋರಾಗಿ ಸಿಗುತ್ತದೆ. ತೋಟದೊಳಗೆ ಮಾಳಿಗೆಯನ್ನೂ ಮೀರಿದ, ಆಳೆತ್ತರದ ಮೇಲೆ ಆಳೆತ್ತರದ ಬಾಳೆ, ನೀರು ತುಂಬಿದ ಎಲೆ. ಅಲ್ಲಿ ಇಪ್ಪತ್ಮೂರು ಸತ್ತೇ ಹೋಗುತ್ತದೆ. ಯಂತ್ರ ಮಾತ್ರ ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು ಎಂದು ಅದನ್ನೇ ಸುತ್ತುತ್ತಿತ್ತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

“ಯಾಕ ಒಳಗ ಹೋಗಲಿಲ್ಲ?” ಸರ್ ಕೇಳಿದರು.

“ಗೊನಿ ಬಿಟ್ಟಿದ್ವು ಸರ್. ಮನ್ಯಾಗ ಗಂಡಸರಿಲ್ಲ. ಅವರು ಕರೀಲಿಲ್ಲ. ಅಳಿಯೋ ಮಷೀನ್ ಹಿಡ್ಕೊಂಡು ಹ್ಯಾಂಗ ಹೋಗೂದು?”

ಪರದೆಯ ಮೇಲಿನವರಲ್ಲಿ ಒಬ್ಬರು ನಕ್ಕರು. ಅರವತ್ತು ಮೀಟರ್ ಟವರ್ ಏರುವವನು ಬಾಳೆಯ ತೋಟಕ್ಕೆ ಹೆದರಿದನೇ ಎಂದು ಹಿಂದಿಯಲ್ಲಿ ಕೇಳಿದರು. ಕಾಕಾ ತಲೆ ತಗ್ಗಿಸಲಿಲ್ಲ. ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು.

“ಷರಾದಾಗ ಬರ್ದಿದ್ದೆ ಅನಸ್ತದ್ರೀ.”

ಸರ್ ನನ್ನ ಕಡೆ ತಿರುಗಿದರು. “ಏನಮ್ಮಾ ಅಂಬಿಕಾ, ಫೈಲಿನಾಗ ಹಂಗ ಏನರ ಷರಾ ಅದೇನು?”

ನನ್ನ ಮುಂದೆ ತೆರೆದಿದ್ದದ್ದು ಯಂತ್ರಕ್ಕೆ ತಿನ್ನಿಸಿದ ಫೈಲು. ಅದರಲ್ಲಿ ಷರಾ ಖಾನೆಯೇ ಇರಲಿಲ್ಲ. ಮೂಲ ಫೈಲು ಬೇರೆ ಇತ್ತು, ಒಂದು ಗುಂಡಿ ಒತ್ತಿದರೆ ತೆರೆಯುತ್ತಿತ್ತು. ಪುಣೆಯವರು ನೋಡುತ್ತಿದ್ದರು. ಮುಂದಿನ ತಿಂಗಳು ನನ್ನನ್ನು ಅವರೇ ನೇರವಾಗಿ ತೆಗೆದುಕೊಳ್ಳುವ ಮಾತು ನಡೆದಿತ್ತು.

“ಈ ಫೈಲಿನಾಗ ಇಲ್ಲ ಸರ್,” ಎಂದೆ.

ಒಂದಕ್ಷರ ಸುಳ್ಳಲ್ಲ ನೋಡಿ. ಎಷ್ಟು ಜಾಣೆ! ಅಷ್ಟು ಜಾಣತನವನ್ನು ಪಾಠದಲ್ಲಿ ತೋರಿಸಿದ್ದರೆ ಯಂತ್ರ ನೂರಕ್ಕೆ ನೂರು ಕಲಿಯುತ್ತಿತ್ತು.

ಕಾಕಾ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ “ಹಂಗಾದ್ರ ನಾನೇ ಮರ್ತಿರಬೇಕ್ರೀ,” ಎಂದು ಕೂತರು. ‘ಸರ್ವೆ ಮಾಡಿದವರ ತಪ್ಪು’ ಎಂದು ವರದಿ ಹೋಯಿತು. ಅಮೀರನ ಪಾಸು ಉಳಿಯಿತು. ಕಾಕಾ ಅವರನ್ನು ಸೋಮವಾರದಿಂದ ಬರಬೇಡಿ ಅಂದರು. ಅಮೀರ್ ಹೊರಗೆ ಬಂದು ಅವರ ಎರಡೂ ಕೈ ಹಿಡಿದು “ಕಾಕಾ, ನನ್ನ ಸಲುವಾಗಿ ಯಾಕ?” ಎಂದು ಅಳುತ್ತಿದ್ದ. ಕಿಟಕಿಯಿಂದ ಕಾಣುತ್ತಿತ್ತು. ನಾನು ಎದ್ದು ಹೋಗಲಿಲ್ಲ.

ಮರುದಿನ ಭಾನುವಾರ ಒಬ್ಬಳೇ ಆಫೀಸಿಗೆ ಬಂದು ಮೂಲ ಫೈಲು ತೆರೆದೆ. ಚುಕ್ಕೆ ಆರುನೂರ ಮೂವತ್ತೊಂದರಿಂದ ಆರುನೂರ ನಲವತ್ತೆಂಟು. ‘ಬದುವಿನ ಮ್ಯಾಲಿಂದ.’ ‘ಬದುವಿನ ಮ್ಯಾಲಿಂದ.’ ಹದಿನೇಳು ಸಲ, ಒಂದನ್ನೂ ಬಿಡದೆ. ಹದಿನೆಂಟನೆಯದು ಉದ್ದ ಇತ್ತು: ‘ಇದೂ ಬದುವಿನ ಮ್ಯಾಲಿಂದ. ಗೊನಿ ಅದಾವ. ಈ ಹದಿನೆಂಟು ಪಕ್ಕಾ ತಿಳೀಬ್ಯಾಡ್ರಿ. ಅಮ್ಮನವರು ಕರೆದರ ಅಥವಾ ಗೊನಿ ಕಡಿದ ಮ್ಯಾಲ ನಾನೇ ಬಂದು ಮತ್ತ ಅಳೀತೀನಿ.’

ಮಾಡಿದ್ದು ತಪ್ಪು ಎಂದು ಅವರು ಬರೆದಿಟ್ಟಿದ್ದರು. ಆ ತಪ್ಪನ್ನು ಸರಿ ಎಂದು ಕಲಿಸಿದವಳು ನಾನು. ಎದೆಯ ಮೇಲೆ ಕಲ್ಲು ಬಿದ್ದ ಹಾಗಾಯಿತು ಎಂದು ಬರೆಯಬಹುದು, ಆದರೆ ನಿಜ ಹೇಳುತ್ತೇನೆ, ಮೊದಲು ಬಂದದ್ದು ಭಯ. ಫೈಲು ಮುಚ್ಚಿ ಮನೆಗೆ ಹೋಗಿ ಊಟ ಮಾಡಿದೆ. ಹೀಗೆ ಮೂರು ವಾರ ಉಂಡೆ.

ನಾಲ್ಕನೆಯ ವಾರ ಆ ಹದಿನೆಂಟು ಚುಕ್ಕೆಗಳನ್ನು ಮತ್ತೆ ಅಳೆಯಲು ಅಮೀರ್ ಜೊತೆ ನನ್ನನ್ನೇ ಕಳಿಸಿದರು. ಗೊನೆಗಳನ್ನು ಆಗಲೇ ಕಡಿದಿದ್ದರು. ಶಿವಕಾಂತಮ್ಮ ಬದುವಿನ ತನಕ ಬಂದು “ಬರ್ರೆವ್ವಾ, ಒಳಗ ಬರ್ರಿ,” ಎಂದು ಕರೆದರು. ಒಳಗೆ ಕತ್ತಲೆಯಂಥ ನೆರಳು. ಇಪ್ಪತ್ಮೂರನೆಯ ಬೀಮ್ ಮೀಟರಿನಲ್ಲಿ ಇಲ್ಲವೇ ಇಲ್ಲ. ಅಮೀರ್ ಅದನ್ನು ಬಿಟ್ಟು ಮುಂದೆ ಮುಂದೆ ಹೋದ, ದಾಟಿ ಹೋಗಿ ನೋಡುವುದನ್ನು ಕಲಿತವನಲ್ಲವೇ. ನಲವತ್ತೊಂದಕ್ಕೆ ಅಂಕಿ ಜಿಗಿಯಿತು. ಟವರಿಗೆ ಎದುರು ದಿಕ್ಕಿನಲ್ಲಿ ಬಾಳೆ ಹಣ್ಣು ಮಾಡುವ ಗೋದಾಮು ಇದೆ. ಅದರ ತಗಡಿನ ಗೋಡೆಗೆ ಬಡಿದು ವಾಪಸು ಬರುವ ಬೀಮ್ ಅದು. ಮಾಳಿಗೆಯ ಮೇಲೆ ಅಮೀರನ ಡಬ್ಬಿ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

ಶಿವಕಾಂತಮ್ಮ ಚಹಾ ಕೊಡುತ್ತ ಕೇಳಿದರು. “ಅವತ್ತ ಒಬ್ಬ ಹಿರಿಯಾವ ಬಂದಿದ್ದ ನೋಡ್ರಿ, ಮಣಕಾಲಿಗಿ ಪಟ್ಟಿ ಕಟ್ಟಿದಾವ. ಬಿಸಿಲಾಗ ಎರಡು ತಾಸು ಬದುವಿನ ಮ್ಯಾಲ ಅಡ್ಡಾಡಿದ. ನೀರ್ ಕೊಟ್ರ ಅಲ್ಲೇ ನಿಂತು ಕುಡದ. ಯಾಕ ಬಂದಿಲ್ಲ ಇವತ್ತ?”

ಅಮೀರ್ ನನ್ನ ಮುಖ ನೋಡಿದ. “ಅವರನ್ನ ಬಿಡಿಸ್ಯಾರ್ರೀ,” ಅಂದ.

“ಒಂದ್ ಮಾತ್ ಕೇಳಿದ್ರ ನಾನೇ ಒಳಗ ಕರೀತಿದ್ದೆ,” ಅಂದರು ಶಿವಕಾಂತಮ್ಮ. ಮಲ್ಲಿಕಾ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯನ್ನು ನಲವತ್ತೊಂದಕ್ಕೆ ಜೋಡಿಸಿ ಲೈನು ಬಂತು ಎಂದರೆ “ಹೂಂ,” ಎಂದು ಒಳಗೆ ಹೋದಳು. ಆ ಹುದ್ದೆ ಬೇರೆಯವರಿಗೆ ಹೋಗಿ ತಿಂಗಳಾಗಿತ್ತು.

ಅಂದು ಸಂಜೆಯೇ ಮೂಲ ಫೈಲನ್ನು ಪುಣೆಗೂ ಅರುಣಕುಮಾರ ಸರ್ ಅವರಿಗೂ ಕಳಿಸಿದೆ. ಷರಾ ಇತ್ತು, ಕಿತ್ತವಳು ನಾನು, ದೇವೀಂದ್ರಪ್ಪನವರನ್ನು ವಾಪಸು ತೆಗೆದುಕೊಳ್ಳಿ ಎಂದು ಬರೆದೆ. ಎರಡು ದಿನಕ್ಕೆ ಉತ್ತರ ಬಂತು: ‘ಗಮನಿಸಲಾಗಿದೆ. ಪ್ರಕರಣ ಮುಗಿದಿದೆ.’ ನನ್ನನ್ನು ಯಾರೂ ಬಯ್ಯಲೂ ಇಲ್ಲ. ಸರ್ ಮಾತ್ರ “ಮುಗಿದ ಮಾತು ಯಾಕ ಕೆದಕ್ತಿ?” ಎಂದು ಬೇಸರಪಟ್ಟುಕೊಂಡರು.

ಕಾಕಾ ಅಷ್ಟರಲ್ಲಿ ನಮ್ಮ ಪಕ್ಕದ ದಾಲ್ ಮಿಲ್ಲಿನಲ್ಲೇ ಕೆಲಸಕ್ಕೆ ಸೇರಿದ್ದರು. ಬೇಳೆ ಸಾಣಿಸುವ ಜಾಲರಿಯ ಹತ್ತಿರ ದಿನವಿಡೀ ನಿಂತು ನೋಡಿಕೊಳ್ಳುವ ಕೆಲಸ. ನಮ್ಮ ಕಿಟಕಿಗೂ ಅವರಿಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಗೋಡೆಗೆ ಒರಗಿ ಕೂತಿದ್ದರು. ತಲೆ, ಹುಬ್ಬು ಎಲ್ಲ ಹಳದಿ ಧೂಳು. ನನ್ನನ್ನು ಕಂಡು ಎಂದಿನಂತೆ “ಬಾರವ್ವಾ, ಉಂಡಿ?” ಎಂದರು.

ನಿಂತಲ್ಲೇ ಎಲ್ಲ ಹೇಳಿದೆ. ಷರಾ ಕಿತ್ತದ್ದು, ಸಭೆಯಲ್ಲಿ ನುಂಗಿಕೊಂಡದ್ದು, ಮೂರು ವಾರ ಸುಮ್ಮನಿದ್ದದ್ದು, ಪುಣೆಯ ಉತ್ತರ. ಕಾಕಾ ಕೇಳುತ್ತ ಅಂಗೈಯಲ್ಲಿದ್ದ ನಾಲ್ಕು ಕಾಳನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದರು.

“ನಿಮಗ ಷರಾ ಬರ್ದದ್ದು ನೆನಪಿತ್ತೇನು ಕಾಕಾ?”

“ಹದಿನೆಂಟು ಸಲ ಬರ್ದಾವಗ ನೆನಪಿರಲ್ಲೇನವ್ವಾ?”

“ಮತ್ತ ಅವತ್ತ ಗಟ್ಟ್ಯಾಗಿ ಯಾಕ ಹೇಳಲಿಲ್ಲ? ಮರ್ತೀನಿ ಅಂತ ಯಾಕ ಕುಂತ್ರಿ?”

ಅವರು ಕಾಳುಗಳನ್ನು ಪಕ್ಕದ ರಾಶಿಯ ಮೇಲೆ ಹಾಕಿದರು. ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಕೂಡೂಕ ಮೊದಲ ಸ್ವಲ್ಪ ಹೊತ್ತು ನಿಂತಿದ್ದೆ ನೋಡು,” ಅಂದರು. “ನೀ ಹೇಳ್ತಿ ಅಂತ ನಿಂತಿದ್ದೆ.”

ಬಿಡುವು ಮುಗಿದು ಯಂತ್ರ ಶುರುವಾಯಿತು. ಅವರು ಗೋಡೆ ಹಿಡಿದು ಎದ್ದು ಜಾಲರಿಯ ಕಡೆಗೆ ಹೋದರು.